ಫರ್ಮ್‌ವೇರ್‌ಗೂ ಧರ್ಮಕ್ಕೂ ಒಂದೇ ಬೇರು

ಲ್ಯಾಬ್‌ನಲ್ಲಿ ಫರ್ಮ್‌ವೇರ್ ಅಂತೀವಿ. ಸಿಮ್ ತಗೊಳ್ಳೋಕೆ ಆಧಾರ್ ಕೊಡ್ತೀವಿ. ಸಿರುಗುಪ್ಪದ ಭತ್ತಕ್ಕೆ, ಕುರುಗೋಡಿನ ಮೆಣಸಿನಕಾಯಿಗೆ ಬಳ್ಳಾರಿ ಮಾರುಕಟ್ಟೆಯಲ್ಲಿ ಇವತ್ತು ಧಾರಣೆ ಎಷ್ಟು ಅಂತ ಕೇಳ್ತೀವಿ. ಈ ಮೂರೂ ಪದಗಳ ಬೇರು ಒಂದೇ: *ಧೆರ್-, ಅಂದರೆ ‘ಹಿಡಿದು ನಿಲ್ಲಿಸು’.

ಮುಂದಿರುವ ನಕ್ಷತ್ರ ಗಮನಿಸಿ. ಈ ಧಾತು ಯಾವ ಗ್ರಂಥದಲ್ಲೂ, ಯಾವ ಶಾಸನದಲ್ಲೂ ಸಿಗುವುದಿಲ್ಲ ಎಂಬುದರ ಗುರುತು ಅದು. ಸಂಸ್ಕೃತ, ಲ್ಯಾಟಿನ್ ಮುಂತಾದ ಭಾಷೆಗಳನ್ನು ಹೋಲಿಸಿ, ಅವುಗಳ ಮೂಲಭಾಷೆಯಾದ ಪ್ರೋಟೋ-ಇಂಡೋ-ಯುರೋಪಿಯನ್‌ನಲ್ಲಿ ಹೀಗಿದ್ದಿರಬೇಕು ಅಂತ ವಿದ್ವಾಂಸರು ಕಟ್ಟಿಕೊಂಡ ರೂಪ. ಔಟ್‌ಪುಟ್ ನೋಡಿ ಒಳಗಿನ ಸರ್ಕ್ಯೂಟ್ ಬರೆದ ಹಾಗೆ.

ಸಂಸ್ಕೃತದಲ್ಲಿ ಇದು ‘ಧೃ’. ಧರಿಸು, ಆಧಾರ, ನಿರ್ಧಾರ, ಧಾರಣೆ, ಧರ್ಮ ಎಲ್ಲವೂ ಅದರಿಂದಲೇ. ಪ್ರಾಕೃತದಲ್ಲಿ ಧರ್ಮ ‘ಧಂಮ’ ಆಯಿತು. ಅಶೋಕನ ಬ್ರಹ್ಮಗಿರಿ ಶಾಸನದಲ್ಲಿ ಈ ಪದವಿದೆ. ಅಶೋಕನ ಶಾಸನ ನಮ್ಮ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನಲ್ಲೂ ಇದೆ.

ಲ್ಯಾಟಿನ್‌ನಲ್ಲಿ ಅದೇ ಧಾತುವಿನಿಂದ ‘ಫಿರ್ಮುಸ್’, ಅಂದರೆ ಗಟ್ಟಿಯಾದದ್ದು. ಅದರಿಂದ ಇಂಗ್ಲಿಷಿಗೆ ಫರ್ಮ್, ಕನ್ಫರ್ಮ್ ಬಂದವು. 1967ರಲ್ಲಿ ಆಶರ್ ಓಪ್ಲರ್ ‘ಫರ್ಮ್‌ವೇರ್’ ಪದ ಕಟ್ಟಿದರು.

‘ಧ’ ಎಲ್ಲಿ, ‘ಫ’ ಎಲ್ಲಿ ಅಂತೀರಾ? ಪದದ ಮೊದಲಲ್ಲಿದ್ದ ಮೂಲದ ‘ಧ್’ ಸಂಸ್ಕೃತದಲ್ಲಿ ಹಾಗೇ ಉಳಿಯಿತು, ಲ್ಯಾಟಿನ್‌ನಲ್ಲಿ ‘ಫ್’ ಆಯಿತು. ಸಂಸ್ಕೃತದ ‘ಧೂಮ’ ಲ್ಯಾಟಿನ್‌ನಲ್ಲಿ ‘ಫೂಮುಸ್’. ನಿಯಮ ಮತ್ತೆ ಮತ್ತೆ ಸಿಕ್ಕರೆ ಮಾತ್ರ ಅದು ಸಂಬಂಧ. ಬರೀ ಹೋಲಿಕೆ ಸಾಲದು: ಧಾರಾಕಾರ ಮಳೆಯ ‘ಧಾರೆ’ ಈ ಮನೆಯದಲ್ಲ, ಅದರ ಧಾತು ಬೇರೆ.

ಹಾಗಂತ ‘ಫರ್ಮ್’ ಸಂಸ್ಕೃತದಿಂದ ಹುಟ್ಟಿದ್ದಲ್ಲ. ಧರ್ಮ, ಫರ್ಮ್ ಎರಡೂ ಅಕ್ಕತಂಗಿಯರು, ತಾಯಿಮಗಳಲ್ಲ.

ಹಾಗಾದರೆ ಕನ್ನಡ? ಆಧಾರ, ಧರ್ಮ ನಮಗೆ ಎರವಲು ಬಂದ ಪದಗಳು. ನಮ್ಮ ಸ್ವಂತ ಧಾತು ‘ಹಿಡಿ’. ಹಳಗನ್ನಡದಲ್ಲಿ ‘ಪಿಡಿ’, ತಮಿಳಿನಲ್ಲೂ ‘ಪಿಡಿ’. ತೆಲುಗಿನ ‘ಪಿಡಿಕಿಲಿ’ (ಮುಷ್ಟಿ) ಬಳ್ಳಾರಿಯವರಿಗೆ ಹೇಳಿಕೊಡಬೇಕಿಲ್ಲ. ಎರವಲು ಪದ ಎಷ್ಟಿದ್ದರೂ ಧಾತುಗಳೇ ಕುಲ ಹೇಳುತ್ತವೆ ಎಂದು ಫ್ರಾನ್ಸಿಸ್ ಎಲ್ಲಿಸ್ 1816ರಲ್ಲಿ ತೆಲುಗು, ಕನ್ನಡ, ತಮಿಳು ಧಾತುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಅದು ಅಚ್ಚಾದದ್ದು ಎ. ಡಿ. ಕ್ಯಾಂಪ್‌ಬೆಲ್ ಅವರ ತೆಲುಗು ವ್ಯಾಕರಣದ ಪೀಠಿಕೆಯಲ್ಲಿ. ಅದೇ ಕ್ಯಾಂಪ್‌ಬೆಲ್ ಮುಂದೆ ಬಳ್ಳಾರಿಯ ಕಲೆಕ್ಟರ್ ಆದರು.

‘ಎಲ್ಲ ಭಾಷೆಗೂ ನಮ್ಮದೇ ತಾಯಿ’ ಅನ್ನೋ ಫಾರ್ವರ್ಡ್ ಇನ್ನೊಮ್ಮೆ ಬಂದರೆ ಎರಡೇ ಪ್ರಶ್ನೆ ಕೇಳೋಣ: ಧ್ವನಿಯ ನಿಯಮ ಇದೆಯಾ? ಇದು ಎರವಲೋ, ಒಡಹುಟ್ಟೋ?

ಅಭ್ಯಾಸಕ್ಕೆ: ಇಂಗ್ಲಿಷಿನ ‘ಯೋಕ್’ (ನೊಗ) ಪದಕ್ಕೆ ಒಡಹುಟ್ಟಾದ ಸಂಸ್ಕೃತ ಪದಗಳನ್ನು ಹುಡುಕಿ. ಒಂದನ್ನು ಪ್ರತಿ ಜೂನ್ 21ರಂದು ಕೇಳಿಯೇ ಇರ್ತೀರಿ.