ಮೊದಲು ಬೆರಳು ಚುಚ್ಚಿ ನೋಡು ಮಗಳೇ

ಮುಂದಿನ ವಾರ ನೀನು ಬೆಂಗಳೂರಿನ ಪಿಜಿ ಸೇರುತ್ತಿದ್ದೀಯ ಎಂದು ನಿನ್ನಮ್ಮ ಫೋನ್ ಮಾಡಿದ್ದಳು. ಒಂದು ಕಡೆ ಟೈಪ್ 1 ಶುಗರ್, ಇನ್ನೊಂದು ಕಡೆ ಫಿಟ್ಸ್, ಎರಡನ್ನೂ ಇಟ್ಟುಕೊಂಡು ಹುಡುಗಿ ಒಬ್ಬಳೇ ಹೇಗಿರುತ್ತಾಳೆ ದೊಡ್ಡಮ್ಮ ಎಂದು ನಿನ್ನ ತಮ್ಮನೂ ಕೇಳಿದ. ಇರಬಲ್ಲೆ, ಚೆನ್ನಾಗಿಯೇ ಇರಬಲ್ಲೆ. ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿದ್ದೇ ತಲೆ ನರೆಸಿಕೊಂಡವಳು ನಾನು, ಬರೀ ಸಮಾಧಾನಕ್ಕೆ ಈ ಮಾತು ಹೇಳುತ್ತಿಲ್ಲ. ಆದರೆ ಒಂದು ವಿಷಯವನ್ನು ನೀನು ಮನಸ್ಸಿಟ್ಟು ಕೇಳಬೇಕು.

ಈ ಎರಡು ಕಾಯಿಲೆಗಳಲ್ಲಿ ಒಂದರ ವೇಷ ಹಾಕಿಕೊಂಡು ಇನ್ನೊಂದು ಬರುತ್ತದೆ. ಸಕ್ಕರೆ ತೀರಾ ಇಳಿದರೆ ಮಿದುಳಿಗೆ ಗ್ಲೂಕೋಸ್ ಸಾಲದೆ ಫಿಟ್ಸ್ ಬರಬಹುದು. ಕೈಕಾಲು ಸೆಟೆದು ಅದುರುವುದು ಕಂಡರೆ ಸುತ್ತಲಿದ್ದವರು, ‘ಅವಳಿಗೆ ಮೊದಲಿಂದಲೂ ಮೂರ್ಛೆ ರೋಗ ಇದೆ’ ಎಂದು ಕಾದು ಕೂರುತ್ತಾರೆ. ಒಳಗೆ ಸಕ್ಕರೆ ಇನ್ನೂ ಇಳಿಯುತ್ತಲೇ ಇರುತ್ತದೆ. ಇದಕ್ಕೆ ತಿರುಗುಮುರುಗಾಗಿಯೂ ಆಗುತ್ತದೆ. ಸಣ್ಣ ಫಿಟ್ಸ್ ಬಂದು ನೀನು ಎಲ್ಲೋ ದಿಟ್ಟಿಸುತ್ತಾ, ತುಟಿ ಚಪ್ಪರಿಸುತ್ತಾ, ಕರೆದರೂ ಓಗೊಡದೆ ಕೂತಿರುತ್ತೀಯ. ‘ಶುಗರ್ ಲೋ ಆಗಿದೆ’ ಎಂದು ಯಾರೋ ಬಾಯಿಗೆ ಜ್ಯೂಸ್ ಹೊಯ್ಯುತ್ತಾರೆ. ಅದು ಶ್ವಾಸನಾಳಕ್ಕೆ ಇಳಿದರೆ ಇರುವ ತೊಂದರೆಯ ಮೇಲೆ ಇನ್ನೊಂದು.

ಹಾಗಾಗಿ ಊಹೆ ಬೇಡ, ಗ್ಲೂಕೋಮೀಟರ್ ಹೇಳಲಿ. ಮೈ ಬೆವರಿದರೆ, ಕೈ ನಡುಗಿದರೆ, ಮಾತು ತೊದಲಿದರೆ ಬೆರಳು ಚುಚ್ಚಿ ನೋಡು. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡು, ಏರದಿದ್ದರೆ ಇನ್ನೊಮ್ಮೆ ಕುಡಿ. 54ಕ್ಕೂ ಕೆಳಗೆ ಹೋದರೆ ಅದು ಹುಡುಗಾಟವಲ್ಲ. ಚಾಕೊಲೇಟ್ ನೆಚ್ಚಿಕೊಳ್ಳಬೇಡ, ಅದರಲ್ಲಿರುವ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಫಿಟ್ಸ್ ಬಂದು ಬಹಳ ಹೊತ್ತಾದ ಮೇಲೆ ನೋಡಿದ ಅಂಕಿಯನ್ನೂ ಪೂರ್ತಿ ನಂಬಬೇಡ. ದೇಹ ಗಾಬರಿಗೆ ತಾನೇ ಸಕ್ಕರೆಯನ್ನು ಏರಿಸಿಕೊಂಡಿರುತ್ತದೆ. ಆದಷ್ಟು ಬೇಗ ನೋಡಿದ ಅಂಕಿಗೇ ಬೆಲೆ.

ಆದರೆ ಆ ಹೊತ್ತಿನಲ್ಲಿ ನಿನ್ನ ಬೆರಳು ಚುಚ್ಚುವವರು ಯಾರು? ರೂಮಿನ ಹುಡುಗಿಯೇ ತಾನೆ. ಅದಕ್ಕೇ ಹೋದ ದಿನವೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡೂ ಕಾಯಿಲೆಯ ವಿಷಯ ಹೇಳಿಬಿಡು. ಸ್ಟ್ರಿಪ್ ಡಬ್ಬಿ ಎಲ್ಲಿದೆ, ಮುಚ್ಚಳ ಯಾಕೆ ಬಿಗಿಯಾಗಿ ಹಾಕಬೇಕು, ಬೆರಳಿನ ತುದಿಗಿಂತ ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ, ಇದೆಲ್ಲ ತೋರಿಸು. ಅವಳ ಕೈಯಿಂದಲೇ ಒಮ್ಮೆ ಚುಚ್ಚಿಸಿಕೊಂಡು ನೋಡು. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದು, ಹಲ್ಲಿನ ನಡುವೆ ಚಮಚ ತುರುಕುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಒಂದೂ ಬೇಡ. ಮಗ್ಗುಲಿಗೆ ಹೊರಳಿಸಿ, ತಲೆ ಕೆಳಗೆ ಮೆತ್ತಗೆ ಏನಾದರೂ ಇಟ್ಟು, ಗಡಿಯಾರ ನೋಡಲಿ. ಐದು ನಿಮಿಷ ದಾಟಿದರೆ, ಅಥವಾ ಸಕ್ಕರೆ ಇಳಿದು ನಿನಗೆ ಎಚ್ಚರವೇ ಇಲ್ಲದಿದ್ದರೆ, 108ಕ್ಕೆ ಫೋನ್. ಎಚ್ಚರವಿಲ್ಲದವಳ ಬಾಯಿಗೆ ನೀರೂ ಹಾಕಕೂಡದು. ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಜೋಲಮ್ ಸ್ಪ್ರೇ, ಸಕ್ಕರೆ ಏರಿಸಲು ಗ್ಲೂಕಗಾನ್ ಇಂಜೆಕ್ಷನ್ ನಿನಗೆ ಬೇಕೇ ಎಂದು ಹೊರಡುವ ಮೊದಲೇ ಡಾಕ್ಟರನ್ನು ಕೇಳು.

ಸ್ನಾನದ ವಿಷಯಕ್ಕೆ ಬರುತ್ತೇನೆ. ಚೊಂಬು ಚೊಂಬಾಗಿ ಬಿಸಿನೀರು ತಲೆಗೆ ಹೊಯ್ದುಕೊಂಡಾಗ ಬರುವ ಒಂದು ಬಗೆಯ ಮೂರ್ಛೆ ನಮ್ಮ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚೆಂದು ನರರೋಗ ತಜ್ಞರು ಬರೆದಿದ್ದಾರೆ. ನಿನ್ನದು ಆ ಬಗೆಯದಲ್ಲದಿದ್ದರೂ ಇನ್ಸುಲಿನ್ ಚುಚ್ಚಿಕೊಂಡ ಕೂಡಲೇ ಸುಡುನೀರಿನ ಸ್ನಾನ ಒಳ್ಳೆಯದಲ್ಲ. ಮೈ ಬಿಸಿಯಾದರೆ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುತ್ತದೆ, ತಿಂಡಿಗೆ ಮೊದಲೇ ಸಕ್ಕರೆ ಇಳಿಯುತ್ತದೆ. ನೀರು ಬೆಚ್ಚಗಿರಲಿ, ಸ್ಟೂಲಿನ ಮೇಲೆ ಕೂತು ಮೀಯು, ಬಾಗಿಲಿಗೆ ಒಳಚಿಲಕ ಹಾಕಬೇಡ. ಇದರಲ್ಲಿ ಮಾತ್ರ ನಾಚಿಕೆ ಮಾಡಿಕೊಳ್ಳಬೇಡ ತಾಯಿ.

ಶಿವರಾತ್ರಿ ಬಂದರೆ ಅಜ್ಜಿಯ ಮನೆಯಲ್ಲಿ ಉಪವಾಸ, ಜಾಗರಣೆ ಎಂದು ಕೂರಬೇಡ. ಹೊಟ್ಟೆಗಿಲ್ಲದೆ ಇರುವುದು ಶುಗರಿಗೆ ಆಗದು, ನಿದ್ದೆಗೆಡುವುದು ಫಿಟ್ಸಿಗೆ ಆಗದು, ಆ ಒಂದು ರಾತ್ರಿಯಲ್ಲಿ ಎರಡೂ ಇವೆ. ಅಜ್ಜಿಗೆ ನಾನು ಹೇಳುತ್ತೇನೆ. ಆಫೀಸಿನಲ್ಲಿ ನೈಟ್ ಶಿಫ್ಟ್ ಬೇಡವೆಂದು ನೀನೇ ಕೇಳಬೇಕು. ರಾತ್ರಿ ನಿದ್ದೆಯಲ್ಲಿ ಸಕ್ಕರೆ ಇಳಿಯುವುದು ಗೊತ್ತಾಗದೇ ಹೋಗಬಹುದು. ತೋಳಿಗೆ ಅಂಟಿಸುವ ಸೆನ್ಸರ್‌ಗಳಲ್ಲಿ ಅಲಾರಂ ಇರುವುದೂ ಸಿಗುತ್ತದೆ. ದುಬಾರಿ ನಿಜ, ಸಂಬಳ ಬಂದ ಮೇಲೆ ಮೊದಲ ಖರ್ಚು ಅದೇ ಆಗಲಿ.

ಶುಗರಿನ ಡಾಕ್ಟರು ಬೇರೆ, ನಿಮ್ಹಾನ್ಸಿನಲ್ಲಿ ನೀನು ತೋರಿಸಿಕೊಳ್ಳುವ ಡಾಕ್ಟರು ಬೇರೆ. ಇವರು ಬರೆದದ್ದನ್ನು ಅವರಿಗೆ ತಲುಪಿಸುವವಳು ನೀನೇ. ಫಿಟ್ಸ್ ಮಾತ್ರೆಗಳಲ್ಲಿ ವಾಲ್‌ಪ್ರೊಯೇಟ್ ಕೆಲವರಲ್ಲಿ ತೂಕ ಏರಿಸುತ್ತದೆ, ಫೆನಿಟಾಯಿನ್ ಸಕ್ಕರೆಯನ್ನು ಏರಿಸಬಹುದು. ಮಾತ್ರೆ ಬದಲಾದಾಗಲೆಲ್ಲ ಎರಡು ವಾರ ಸಕ್ಕರೆಯನ್ನು ಹೆಚ್ಚು ಸಲ ನೋಡಿ ಬರೆದಿಡು. ವಾಂತಿ ಆಗಲಿ, ಜ್ವರ ಬರಲಿ, ಫಿಟ್ಸ್ ಮಾತ್ರೆಯನ್ನೂ ಇನ್ಸುಲಿನ್ನನ್ನೂ ನೀನಾಗಿ ನಿಲ್ಲಿಸಬೇಡ, ಆ ಹೊತ್ತಿಗೇ ಡಾಕ್ಟರಿಗೆ ಫೋನ್ ಮಾಡು. ಯಾರಾದರೂ ಫಿಟ್ಸಿಗೆ ಕೀಟೋ ಊಟ ಒಳ್ಳೆಯದು ಎಂದಾರು. ಕೆಲವು ಮಕ್ಕಳಿಗೆ ವೈದ್ಯರ ಕಣ್ಗಾವಲಿನಲ್ಲಿ ಅದನ್ನು ಕೊಡುವುದು ನಿಜ. ಟೈಪ್ 1 ಇರುವ ನೀನು ನಿನ್ನಷ್ಟಕ್ಕೆ ಶುರುಮಾಡಿದರೆ ಕೀಟೋನ್ ಏರಿ ಐಸಿಯು ಸೇರಬೇಕಾದೀತು.

ಸ್ಕೂಟಿ ಲೈಸೆನ್ಸಿನ ಫಾರಂನಲ್ಲಿ ಮೂರ್ಛೆ ರೋಗದ ಪ್ರಶ್ನೆ ಇದೆ, ಸುಳ್ಳು ಬರೆಯಬೇಡ. ಸದ್ಯಕ್ಕೆ ಮೆಟ್ರೋ ಇದೆ, ಬಸ್ಸಿದೆ.

ಮದುವೆ ಮಾತು ಬಂದಾಗ ಮುಚ್ಚಿಡೋಣ ಎಂದು ನಿನ್ನಮ್ಮ ಅಂದರೆ ಒಪ್ಪಬೇಡ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆ ರೋಗದವರಿಗೆ ಇದ್ದ ಅಡ್ಡಿಯನ್ನು 1999ರ ತಿದ್ದುಪಡಿಯಲ್ಲೇ ತೆಗೆದಿದ್ದಾರೆ. ನಿಶ್ಚಿತಾರ್ಥಕ್ಕೆ ಮುಂಚೆ ಹುಡುಗನಿಗೆ ಎರಡನ್ನೂ ನೀನೇ ಹೇಳು. ನಿನಗೆ ಫಿಟ್ಸ್ ಬಂದ ರಾತ್ರಿ ಮೀಟರ್ ಹುಡುಕಬೇಕಾದವನು ಅವನೇ ಅಲ್ಲವೇ? ಮಗು ಬೇಕೆನಿಸಿದಾಗ ಗರ್ಭ ನಿಲ್ಲುವ ಎಷ್ಟೋ ತಿಂಗಳು ಮೊದಲೇ ಇಬ್ಬರು ಡಾಕ್ಟರನ್ನೂ ನೋಡಿಬಿಡು. ವಾಲ್‌ಪ್ರೊಯೇಟ್ ಮಗುವಿಗೆ ಅಪಾಯ, ಸಕ್ಕರೆಯೂ ಮೊದಲ ವಾರಗಳಿಂದಲೇ ಹತೋಟಿಯಲ್ಲಿರಬೇಕು. ಅದಕ್ಕಿನ್ನೂ ಸಮಯವಿದೆ. ಈಗ ಭಾನುವಾರ ಮನೆಗೆ ಬಾ, ಹಳೆಯ ಚೀಟಿಗಳನ್ನೆಲ್ಲ ತಾ, ಇಬ್ಬರೂ ಕೂತು ಒಂದೇ ಹಾಳೆಯಲ್ಲಿ ಔಷಧಿಗಳನ್ನು ಬರೆದಿಡೋಣ.