ಒಂದು ಹೆಜ್ಜೆಯಷ್ಟು ಬೆಳಕು

ನಮ್ಮ ಶಾಲೆಯ ಪ್ರಾರ್ಥನೆಯಲ್ಲಿ ‘ಕರುಣಾಳು ಬಾ ಬೆಳಕೆ’ಯನ್ನು ಮಕ್ಕಳು ಹಾಡುತ್ತ ಬಂದಿದ್ದಾರೆ. ಈ ಸಲ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ದೇವರಲ್ಲಿ ಬೇಡುವುದಾದರೆ ದಾರಿ ಪೂರ್ತಿ ಕಾಣಲಿ ಎಂದೇ ಬೇಡಬಾರದೇ ಸರ್? ಇಷ್ಟು ಕಡಿಮೆ ಏಕೆ?” ಪರೀಕ್ಷೆಯ ಆಚೆಗೆ ತನ್ನ ಓದು ಮುಂದುವರಿಯುವುದೋ ಇಲ್ಲವೋ ಎಂಬ ಚಿಂತೆ ಆಕೆಗಿತ್ತೆಂದು ಆಮೇಲೆ ತಿಳಿಯಿತು. ಅಂದು ಗಂಟೆ ಬಾರಿಸಿದ್ದರಿಂದ ನಾವು ಏನೋ ಹೇಳಿ ಮುಗಿಸಿದೆವು. ಈಗ ವಿವರವಾಗಿ ನೋಡೋಣ.

ಮೂಲ ಗೀತೆಯನ್ನು ಬರೆದವರು ಇಂಗ್ಲೆಂಡಿನ ಜಾನ್ ಹೆನ್ರಿ ನ್ಯೂಮನ್ (1801–1890). ಆಗ ಅವರು ಆಂಗ್ಲಿಕನ್ ಸಭೆಯ ಪಾದ್ರಿ, 32ರ ಪ್ರಾಯ. 1833ರಲ್ಲಿ ಸಿಸಿಲಿ ದ್ವೀಪದಲ್ಲಿ ಒಬ್ಬರೇ ಸಂಚರಿಸುತ್ತಿದ್ದಾಗ ವಿಷಮ ಜ್ವರ ಹಿಡಿಯಿತು. ಜೊತೆಗಿದ್ದ ಸೇವಕನು ಇವರು ಉಳಿಯುವುದಿಲ್ಲವೆಂದೇ ಬಗೆದು ಕೊನೆಯ ಅಪ್ಪಣೆಗಳನ್ನು ಕೇಳಿಟ್ಟುಕೊಂಡನಂತೆ! ಜ್ವರ ಬಿಟ್ಟ ಮೇಲೊಂದು ಬೆಳಗ್ಗೆ ಹಾಸಿಗೆಯ ಅಂಚಿನಲ್ಲಿ ಕುಳಿತು ಬಿಕ್ಕಿಬಿಕ್ಕಿ ಅತ್ತರು. ಏಕೆಂದು ಕೇಳಿದರೆ, ಇಂಗ್ಲೆಂಡಿನಲ್ಲಿ ತನಗೊಂದು ಕೆಲಸವಿದೆ ಎಂಬಷ್ಟೇ ಉತ್ತರ. ಯಾವ ಕೆಲಸವೆಂದು ಅವರಿಗೂ ಸ್ಪಷ್ಟವಿರಲಿಲ್ಲ.

ಊರಿಗೆ ಮರಳಲು ಹಡಗಿಲ್ಲದೆ ಪಲೆರ್ಮೋದಲ್ಲಿ ಮೂರು ವಾರ ಕಾದರು. ಕೊನೆಗೆ ದೊರೆತದ್ದು ಕಿತ್ತಳೆ ಹಣ್ಣು ಸಾಗಿಸುವ ಹಾಯಿದೋಣಿ. ಅದೂ ಕಾರ್ಸಿಕಾ, ಸಾರ್ಡೀನಿಯಗಳ ನಡುವಿನ ಬೋನಿಫಾಚಿಯೋ ಜಲಸಂಧಿಯಲ್ಲಿ ಗಾಳಿಯಿಲ್ಲದೆ ಒಂದು ವಾರ ನಿಂತೇಬಿಟ್ಟಿತು. ಹಾಯಿದೋಣಿಯ ಪ್ರಯಾಣಿಕನಿಗೆ ಗಾಳಿಯನ್ನು ಕಾಯುವುದಲ್ಲದೆ ಬೇರೆ ಉಪಾಯವಿಲ್ಲವೆಂಬುದನ್ನು ಕಡಲ ತಡಿಯವರಾದ ನಿಮಗೆ ಹೇಳಬೇಕಿಲ್ಲ. ಆ ಪಯಣದಲ್ಲೇ, ಜೂನ್ 16ರಂದು, ಈ ಗೀತೆ ಹುಟ್ಟಿತು.

ಇದಕ್ಕೆ ಅವರು ಮುಂದೆ ಇಟ್ಟ ಹೆಸರು ‘ಮೇಘಸ್ತಂಭ’ ಎಂಬರ್ಥದ್ದು. ಬೈಬಲಿನ ವಿಮೋಚನಕಾಂಡದಲ್ಲಿ ಇಸ್ರಾಯೇಲ್ಯರನ್ನು ದೇವರು ಹಗಲು ಮೇಘಸ್ತಂಭವಾಗಿ, ಇರುಳು ಅಗ್ನಿಸ್ತಂಭವಾಗಿ ಮುನ್ನಡೆಸುತ್ತಾನೆ. ಅವರ ಕೈಯಲ್ಲಿ ಅರಣ್ಯದ ನಕ್ಷೆಯಿರಲಿಲ್ಲ. ಸ್ತಂಭ ಚಲಿಸಿದಾಗ ಹೊರಡುವುದು, ನಿಂತಾಗ ಇಳಿಯುವುದು. ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆಯೆಂದು ನಮಗೆ ತೋರುತ್ತದೆ. ಗೀತೆಯ ನಡುವೆ ಕವಿ ತನ್ನ ಹಳೆಯ ಗರ್ವವನ್ನು ಒಪ್ಪಿಕೊಳ್ಳುತ್ತಾರೆ: ದಾರಿಯನ್ನು ತಾನೇ ಆರಿಸಿಕೊಳ್ಳಬೇಕು, ತಾನೇ ಕಾಣಬೇಕು ಎಂಬ ಹಟವಿತ್ತು. ಪೂರ್ತಿ ದಾರಿ ಕಂಡರೆ ಆ ಹಟವೇ ಮರಳಿ ಬಂದೀತು. ಕೈ ಹಿಡಿದವನ ಅಗತ್ಯವೇ ಉಳಿಯದು.

ಗೀತೆಯಲ್ಲಿ ಕ್ರಿಸ್ತನ ಹೆಸರಿಲ್ಲ. ಆದ್ದರಿಂದಲೇ ಅದು ಗಾಂಧೀಜಿಯವರ ಪ್ರಾರ್ಥನೆಗೂ ಒಗ್ಗಿತು, ಬಿ. ಎಂ. ಶ್ರೀಯವರ ‘ಇಂಗ್ಲಿಷ್ ಗೀತಗಳು’ ಸಂಕಲನದ ಮೂಲಕ ನಮ್ಮ ಮನೆಮನೆಗೂ ಬಂತು. ಮೂಲದ ಮೊದಲ ಮಾತು ‘ನಡೆಸು’ ಎಂದಿದ್ದರೆ, ಶ್ರೀಯವರು ಬೆಳಕನ್ನು ಮೊದಲು ‘ಬಾ’ ಎಂದು ಕರೆಯುತ್ತಾರೆ. ಕತ್ತಲಲ್ಲಿ ಮಗು ಅಮ್ಮನನ್ನು ಕರೆಯುವುದೂ ಹೀಗೆಯೇ ಅಲ್ಲವೇ?

ಊರು ಸೇರಿದೊಡನೆ ನ್ಯೂಮನ್ನರಿಗೆ ಎಲ್ಲವೂ ನಿಚ್ಚಳವಾಗಲಿಲ್ಲ. ಹನ್ನೆರಡು ವರ್ಷಗಳ ತೊಳಲಾಟದ ನಂತರ, 1845ರಲ್ಲಿ, ಅವರು ಕ್ಯಾಥೊಲಿಕ್ ಸಭೆಯನ್ನು ಸೇರಿದರು. ಆ ಒಂದು ಹೆಜ್ಜೆಗೆ ಎಷ್ಟೋ ಹಳೆಯ ಗೆಳೆತನಗಳನ್ನೂ ಪ್ರೀತಿಯ ಆಕ್ಸ್‌ಫರ್ಡನ್ನೂ ತೆತ್ತರು. ಗೀತೆಯ ಕೊನೆಯ ಸಾಲುಗಳ ಅರ್ಥವೇನೆಂದು ಒಬ್ಬರು 1879ರಲ್ಲಿ ಪತ್ರ ಬರೆದು ಕೇಳಿದಾಗ, ಸುಮಾರು ಐವತ್ತು ವರ್ಷಗಳ ಹಿಂದಿನ ಮನಃಸ್ಥಿತಿಯನ್ನು ಈಗ ವಿವರಿಸುವ ಹೊಣೆ ತನಗಿಲ್ಲವೆಂದು ಜಾರಿಕೊಂಡರು. ಪರೀಕ್ಷೆಯಲ್ಲಿ ನೀವು ಹಾಗೆ ಬರೆಯಬಾರದು.