ಗೆಲ್ಲಲಾಗದ ಅಭ್ಯರ್ಥಿಯನ್ನು ಸಣ್ಣ ಪಕ್ಷ ಏಕೆ ನಿಲ್ಲಿಸುತ್ತದೆ?

ರಾಷ್ಟ್ರಪತಿ ಚುನಾವಣೆ ಬಂದಾಗ ಚಿತ್ರದುರ್ಗದಲ್ಲಿ ಮತಗಟ್ಟೆ ತೆರೆಯುವುದಿಲ್ಲ, ನಮ್ಮ ಬೆರಳಿಗೆ ಶಾಯಿ ಹತ್ತುವುದಿಲ್ಲ. ಮೊಳಕಾಲ್ಮೂರು, ಚಳ್ಳಕೆರೆ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ನಾವು ಕಳಿಸಿದ ಆರು ಶಾಸಕರು ಬೆಂಗಳೂರಿನ ವಿಧಾನಸೌಧದಲ್ಲಿ ಮತ ಹಾಕುತ್ತಾರೆ. ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131. 1971ರ ಜನಗಣತಿಯ ಜನಸಂಖ್ಯೆಯನ್ನು 224 ಶಾಸಕರಿಗೆ ಹಂಚಿ, ಬಂದದ್ದನ್ನು ಸಾವಿರದಿಂದ ಭಾಗಿಸಿದರೆ ಈ ಸಂಖ್ಯೆ ಸಿಗುತ್ತದೆ. ನಮ್ಮ ಜಿಲ್ಲೆಯ ಆರೂ ಮತ ಸೇರಿದರೆ 786. ಸಂಸದರ ಮತದ ಮೌಲ್ಯ 2022ರಲ್ಲಿ 700 ಇತ್ತು. ವಿಧಾನ ಪರಿಷತ್ತಿನ ಸದಸ್ಯರಿಗೆ ಇಲ್ಲಿ ಮತವಿಲ್ಲ.

ಇಷ್ಟು ತಿಳಿದರೆ ಸಣ್ಣ ಪಕ್ಷದ ಕಷ್ಟ ಅರ್ಥವಾಗುತ್ತದೆ. ರಾಷ್ಟ್ರಪತಿ ಹುದ್ದೆಗೆ ನಾಮಪತ್ರ ಸಲ್ಲಿಸಬೇಕಾದರೆ ಮತದಾರರಾದ ಶಾಸಕರು, ಸಂಸದರ ಪೈಕಿ 50 ಮಂದಿ ಸೂಚಕರಾಗಿ, ಬೇರೆ 50 ಮಂದಿ ಅನುಮೋದಕರಾಗಿ ಸಹಿ ಹಾಕಬೇಕು. ಠೇವಣಿ 15,000 ರೂಪಾಯಿ. ಠೇವಣಿ ದೊಡ್ಡದಲ್ಲ, ನೂರು ಸಹಿಯೇ ದೊಡ್ಡದು. 1974ಕ್ಕೆ ಮುಂಚೆ ಒಬ್ಬ ಸೂಚಕ, ಒಬ್ಬ ಅನುಮೋದಕ ಇದ್ದರೆ ಸಾಕಿತ್ತು. ಆಮೇಲೆ ಹತ್ತು ಹತ್ತಾಯಿತು, 1997ರಲ್ಲಿ ಐವತ್ತು ಐವತ್ತಾಯಿತು. 2023ರ ವಿಧಾನಸಭಾ ಚುನಾವಣೆಯಲ್ಲಿ ಜೆಡಿಎಸ್ ಗೆದ್ದದ್ದು 19 ಸ್ಥಾನ. ಅಷ್ಟು ಬಲದ ಪಕ್ಷ ತನ್ನ ಕಚೇರಿಯಲ್ಲಿ ಎಷ್ಟು ಸಭೆ ನಡೆಸಿದರೂ ತಾನೊಬ್ಬಂಟಿಯಾಗಿ ಅಭ್ಯರ್ಥಿಯನ್ನು ನಿಲ್ಲಿಸಲಾರದು. ಹಾಗಾಗಿ ಸಣ್ಣ ಪಕ್ಷಗಳ ಆಯ್ಕೆ ನಡೆಯುವುದು ಪಕ್ಷದೊಳಗಲ್ಲ, ಪಕ್ಷಗಳ ನಡುವೆ.

2022ರ ಜೂನ್‌ನಲ್ಲಿ ಮಮತಾ ಬ್ಯಾನರ್ಜಿ ದೆಹಲಿಯಲ್ಲಿ ವಿರೋಧ ಪಕ್ಷಗಳ ಸಭೆ ಕರೆದರು. ದೇವೇಗೌಡರೂ ಕುಮಾರಸ್ವಾಮಿಯವರೂ ಹೋಗಿದ್ದರು. ಶರದ್ ಪವಾರ್, ಫಾರೂಕ್ ಅಬ್ದುಲ್ಲಾ, ಗೋಪಾಲಕೃಷ್ಣ ಗಾಂಧಿ ಇವರ ಹೆಸರುಗಳು ಬಂದವು, ಮೂವರೂ ಒಲ್ಲೆವೆಂದರು. ಕೊನೆಗೆ ಯಶವಂತ ಸಿನ್ಹಾ ಒಪ್ಪಿದರು. ಆ ಸಭೆಯಲ್ಲಿ ಕುಳಿತಿದ್ದ ಜೆಡಿಎಸ್ ಮುಂದೆ ದ್ರೌಪದಿ ಮುರ್ಮು ಅವರನ್ನು ಬೆಂಬಲಿಸಿತು. ಸಭೆಗೆ ಹೋದ ಮಾತ್ರಕ್ಕೆ ಯಾರೂ ಬದ್ಧರಲ್ಲ. ಈ ಚುನಾವಣೆಯಲ್ಲಿ ಪಕ್ಷ ತನ್ನ ಶಾಸಕರಿಗೆ ವಿಪ್ ಕೊಡುವಂತೆಯೂ ಇಲ್ಲ, ಮತದಾನ ಗುಪ್ತ.

ಸಣ್ಣ ಪಕ್ಷದ ಅಭ್ಯರ್ಥಿಗೆ ಏನು ಬೆಲೆ ಎಂದು ಕಲಿಯಲು 1969ಕ್ಕಿಂತ ಒಳ್ಳೆಯ ಪಾಠವಿಲ್ಲ. ಅದರ ನಡುವೆ ನಿಂತವರು ನಮ್ಮೂರಿನ ವಕೀಲರು, ಎಸ್. ನಿಜಲಿಂಗಪ್ಪ. ಹಲುವಾಗಲಿನಲ್ಲಿ ಹುಟ್ಟಿ ಚಿತ್ರದುರ್ಗದಲ್ಲಿ ವಕೀಲಿಕೆ ಮಾಡಿದವರು, 1962ರಲ್ಲಿ ಹೊಸದುರ್ಗದಲ್ಲಿ ಸೋತು ಬಾಗಲಕೋಟೆಯಿಂದ ಗೆದ್ದು ಮತ್ತೆ ಮುಖ್ಯಮಂತ್ರಿಯಾದವರು. 1968ರಿಂದ ಅವರು ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷರು.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಮಹಾಸಮಿತಿ ಸೇರಿದ ದಿನಗಳಲ್ಲೇ ಪಕ್ಷದ ಸಂಸದೀಯ ಮಂಡಳಿ ಸಭೆ ನಡೆಸಿ ನೀಲಂ ಸಂಜೀವ ರೆಡ್ಡಿಯವರನ್ನು ಬಹುಮತದಿಂದ ಆರಿಸಿತು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಬೇಕಿದ್ದದ್ದು ಜಗಜೀವನ್ ರಾಮ್. ಬೆರಳೆಣಿಕೆಯ ನಾಯಕರು ಒಂದು ಕೋಣೆಯಲ್ಲಿ ಕೂತು ಮಾಡಿದ ಆಯ್ಕೆ ಅದು. ದೊಡ್ಡ ಪಕ್ಷಕ್ಕೆ ಅದು ಸಾಧ್ಯ. ಹಂಗಾಮಿ ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ಕಣಕ್ಕಿಳಿದರು.

ಸ್ವತಂತ್ರ ಪಕ್ಷ ಮತ್ತು ಜನಸಂಘ ಸೇರಿ ಸಿ.ಡಿ. ದೇಶಮುಖ್ ಅವರನ್ನು ನಿಲ್ಲಿಸಿದವು. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್, ಹಿಂದೊಮ್ಮೆ ಹಣಕಾಸು ಸಚಿವರು. ಎರಡೂ ಪಕ್ಷಗಳ ನಾಯಕರಲ್ಲ ಅವರು. ಸಣ್ಣ ಪಕ್ಷಗಳು ಕೂಡಿ ಆರಿಸುವಾಗ ಸಾಮಾನ್ಯವಾಗಿ ಹೀಗೇ ಆಗುತ್ತದೆ. ನನ್ನ ಪಕ್ಷದವರು ನಿಮಗಾಗದು, ನಿಮ್ಮವರು ನನಗಾಗದು. ಇಬ್ಬರೂ ಗೌರವಿಸುವ ಹೊರಗಿನವರನ್ನು ಹುಡುಕಬೇಕಾಗುತ್ತದೆ. 1967ರಲ್ಲೂ ಹಾಗೆಯೇ ಆಗಿತ್ತು: ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್ ಆ ಹುದ್ದೆ ಬಿಟ್ಟು ವಿರೋಧ ಪಕ್ಷಗಳ ಅಭ್ಯರ್ಥಿಯಾದರು.

ದೇಶಮುಖ್ ಗೆಲ್ಲುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ನಿಜಲಿಂಗಪ್ಪ ಸ್ವತಂತ್ರ ಪಕ್ಷದ, ಜನಸಂಘದ ನಾಯಕರೊಡನೆ ಮಾತುಕತೆ ನಡೆಸಿದರು. ಯಾಕೆ? ಈ ಮತಪತ್ರದಲ್ಲಿ ಒಂದು ಗುರುತು ಹಾಕಿ ಮುಗಿಸುವುದಿಲ್ಲ. ಹೆಸರುಗಳ ಮುಂದೆ 1, 2, 3 ಎಂದು ಆದ್ಯತೆ ಬರೆಯುತ್ತಾರೆ. ಗೆಲ್ಲಲು ಸಿಂಧು ಮತಗಳ ಅರ್ಧಕ್ಕಿಂತ ಹೆಚ್ಚು ಬೇಕು. ಮೊದಲ ಎಣಿಕೆಯಲ್ಲಿ ಅಷ್ಟು ಯಾರಿಗೂ ಬರದಿದ್ದರೆ ಕೆಳಗಿನಿಂದ ಒಬ್ಬೊಬ್ಬರನ್ನೇ ತೆಗೆದು, ಅವರ ಮತಪತ್ರಗಳಲ್ಲಿನ ಮುಂದಿನ ಆದ್ಯತೆಯನ್ನು ಉಳಿದವರಿಗೆ ಹಂಚುತ್ತಾರೆ. ನಿಜಲಿಂಗಪ್ಪನವರಿಗೆ ಬೇಕಿದ್ದದ್ದು ದೇಶಮುಖ್ ಪರ ಮತದಾರರ ಎರಡನೆಯ ಆದ್ಯತೆ. ಇಂದಿರಾ ಗುಂಪು ಇದನ್ನೇ ಹಿಡಿದುಕೊಂಡು, ಬಲಪಂಥೀಯರೊಡನೆ ಕೈಜೋಡಿಸಿದ್ದಾರೆಂದು ಆರೋಪಿಸಿ, ಆತ್ಮಸಾಕ್ಷಿಯಂತೆ ಮತ ಹಾಕಿರೆಂದು ಕರೆ ಕೊಟ್ಟಿತು.

ಆಗಸ್ಟ್ 20ರ ಎಣಿಕೆಯನ್ನು ನಿಧಾನವಾಗಿ ನೋಡಬೇಕು. ಬೇಕಿದ್ದದ್ದು 4,18,169. ಮೊದಲ ಸುತ್ತಿನಲ್ಲಿ ಗಿರಿಗೆ 4,01,515, ರೆಡ್ಡಿಗೆ 3,13,548, ದೇಶಮುಖ್‌ಗೆ 1,12,769. ಗಿರಿಯವರಿಗೂ ಸಾಲಲಿಲ್ಲ. ಕೆಳಗಿನವರೆಲ್ಲ ಹೊರಬಿದ್ದ ಮೇಲೆ ಗಿರಿ 4,20,077, ರೆಡ್ಡಿ 4,05,427. ರೆಡ್ಡಿಗೆ ಹೊಸದಾಗಿ ಸೇರಿದ್ದು 91,879, ಗಿರಿಗೆ ಸೇರಿದ್ದು 18,562 ಮಾತ್ರ. ಹೀಗೆ ಹಂಚಿಹೋದ ಮತಗಳಲ್ಲಿ ಬಹುಪಾಲು ದೇಶಮುಖ್ ಅವರದು. ನಿಜಲಿಂಗಪ್ಪನವರ ಲೆಕ್ಕ ತಪ್ಪಿರಲಿಲ್ಲ, ಕೇಳಿದ್ದು ಸಿಕ್ಕಿತು. ಕೈಕೊಟ್ಟದ್ದು ಅವರದೇ ಪಕ್ಷದ ಮೊದಲ ಆದ್ಯತೆ. ಈ ಹೋರಾಟದಲ್ಲಿ ಅವರನ್ನು ಬರೀ ಹಳೆಯ ಕಾಲದ ಹಠಮಾರಿಯೆಂದು ಬಣ್ಣಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ನವೆಂಬರ್ 12ರಂದು ಪಕ್ಷ ಇಂದಿರಾ ಅವರನ್ನು ಉಚ್ಚಾಟಿಸಿತು, ಕಾಂಗ್ರೆಸ್ ಎರಡಾಯಿತು. 1971ರ ಲೋಕಸಭೆಯಲ್ಲಿ ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿಗೆ ಉಳಿದದ್ದು 16 ಸ್ಥಾನ. ದೊಡ್ಡ ಪಕ್ಷದ ಅಧ್ಯಕ್ಷರಾಗಿದ್ದವರ ಬಣವೇ ಸಣ್ಣ ಪಕ್ಷವಾಯಿತು. ಸಂಜೀವ ರೆಡ್ಡಿ 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು.

ಎರಡನೆಯ ಆದ್ಯತೆಗೂ ಕೆಲಸವಿಲ್ಲದಿರುವ ಚುನಾವಣೆಯಲ್ಲಿ ಸಣ್ಣ ಪಕ್ಷಗಳು ಅಭ್ಯರ್ಥಿಯನ್ನು ನಿಲ್ಲಿಸುವುದು ತಮ್ಮ ಮಾತು ದಾಖಲಾಗಲೆಂದು. 2002ರಲ್ಲಿ ದೊಡ್ಡ ಪಕ್ಷಗಳೆಲ್ಲ ಅಬ್ದುಲ್ ಕಲಾಂ ಹಿಂದೆ ನಿಂತಾಗ ನಾಲ್ಕು ಎಡಪಕ್ಷಗಳು ಆಜಾದ್ ಹಿಂದ್ ಫೌಜಿನ ಲಕ್ಷ್ಮಿ ಸೆಹಗಲ್ ಅವರನ್ನು ಆರಿಸಿದವು. ಅವರಿಗೆ ಬಂದದ್ದು 1,07,366, ಕಲಾಂ ಅವರಿಗೆ 9,22,884. ಆ ಒಂದು ಲಕ್ಷ ವ್ಯರ್ಥವೆಂದು ನಾನು ಹೇಳಲಾರೆ. ಅವಿರೋಧ ಆಯ್ಕೆಗಿಂತ ಎದುರಾಳಿಯುಳ್ಳ ಆಯ್ಕೆ ಹುದ್ದೆಗೂ ಗೌರವ ತರುತ್ತದೆಂಬುದು ನನ್ನ ನಂಬಿಕೆ.

ಮುಂದಿನ ರಾಷ್ಟ್ರಪತಿ ಚುನಾವಣೆ 2027ರಲ್ಲಿ. ಹೊಸದಾಗಿ ಗಮನಿಸಲು ಹೊರಟವರು ಅಭ್ಯರ್ಥಿಯ ಹೆಸರಿಗೆ ಮುನ್ನ ಯಾವ ಯಾವ ಪಕ್ಷಗಳು ಒಂದೇ ಸಭೆಯಲ್ಲಿ ಕೂರುತ್ತಿವೆ ಎಂದು ನೋಡಿ. ಆಮೇಲೆ ಯಾರು ಒಲ್ಲೆನೆಂದರು, ನಾಮಪತ್ರಕ್ಕೆ ಯಾರು ಸಹಿ ಹಾಕಿದರು ಎಂದು ನೋಡಿ. ನಮ್ಮ ಆರು ಕ್ಷೇತ್ರಗಳ ಶಾಸಕರಲ್ಲಿ ಯಾರಾದರೂ ಸೂಚಕರೋ ಅನುಮೋದಕರೋ ಆಗಿದ್ದರೆ, ಅವರು ತಾಲ್ಲೂಕಿಗೆ ಬಂದಾಗ ಯಾಕೆ ಸಹಿ ಹಾಕಿದಿರೆಂದು ಕೇಳಬಹುದು. ಮತ ಗುಪ್ತ, ಸಹಿ ಗುಪ್ತವಲ್ಲ.